‘ಗ್ರೇವಿ’ ಅನ್ನುವ ಒಂದೇ ಮಾತು: ಒಂದು ವಿಮಾನ ನಿಲ್ದಾಣದ ಕ್ಯಾಂಟೀನಿನ ಪ್ರಕರಣ

ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣ. 1970ರ ದಶಕ. ಅಲ್ಲಿ ಸಿಬ್ಬಂದಿಗೆ ಅಂತಲೇ ಒಂದು ಕ್ಯಾಂಟೀನು. ಕೌಂಟರಿನ ಹಿಂದೆ ನಿಂತು ಬಡಿಸುವವರಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಂಗಸರಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು. ಕೌಂಟರಿನ ಮುಂದೆ ತಟ್ಟೆ ಹಿಡಿದು ಸಾಲಿನಲ್ಲಿ ಬರುವವರು ವಿಮಾನಕ್ಕೆ ಸರಕು ಏರಿಸಿ ಇಳಿಸುವ ಕೆಲಸಗಾರರು.

ಆ ಹೆಂಗಸರ ಮೇಲೆ ಒಂದು ದೂರು ಬಂತು. ಸಿಡುಕುತ್ತಾರೆ, ಮುಖ ಕೊಟ್ಟು ಮಾತಾಡುವುದಿಲ್ಲ, ಸಹಕಾರವೇ ಇಲ್ಲ ಅಂತ. ಊಟಕ್ಕೆ ಬರುವವರೂ ಹಾಗೇ ಅಂದರು, ಕ್ಯಾಂಟೀನಿನ ಸೂಪರ್‌ವೈಸರ್ ಕೂಡ ಹಾಗೇ ಅಂದರು. ಹೆಂಗಸರಿಗೂ ಒಂದು ದೂರಿತ್ತು. ತಮ್ಮನ್ನು ಬೇರೆ ಥರ ನೋಡುತ್ತಾರೆ, ತಾವು ಭಾರತ, ಪಾಕಿಸ್ತಾನದ ಕಡೆಯವರು ಅನ್ನುವ ಕಾರಣಕ್ಕೇ ಹೀಗೆ ಮಾಡುತ್ತಾರೆ ಅನ್ನುವುದು ಅವರ ಮನಸ್ಸಿನಲ್ಲಿತ್ತು. ಆದರೆ ಎಲ್ಲಿ ಏನಾಗುತ್ತಿದೆ ಅಂತ ಬೆರಳಿಟ್ಟು ತೋರಿಸುವುದು ಅವರಿಂದ ಆಗಿರಲಿಲ್ಲ.

ಈ ಪ್ರಕರಣವನ್ನು ದಾಖಲಿಸಿದವರು ಜಾನ್ ಗಂಪರ್ಜ್. ಅಮೆರಿಕದ ಬರ್ಕ್ಲಿಯಲ್ಲಿದ್ದ ಭಾಷಾ ವಿದ್ವಾಂಸರು. 1982ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಒಂದೆರಡು ಪುಟದಲ್ಲಿ ಹೇಳಿ ಮುಗಿಸಿದ್ದಾರೆ. ವಿಮಾನ ನಿಲ್ದಾಣದ ಹೆಸರನ್ನೂ ಹಾಕಿಲ್ಲ. ಆಮೇಲೆ ಇದರ ಬಗ್ಗೆ ಬರೆದವರು ಸಾಮಾನ್ಯವಾಗಿ ಹೀತ್ರೂ ಅಂತ ಹೇಳುತ್ತಾರೆ. ಭಾಷಾಶಾಸ್ತ್ರ ಓದುವ ಮಕ್ಕಳಿಗೆ ಇದು ಪರಿಚಿತ ಉದಾಹರಣೆ. ಆದರೆ ಕೆಲಸಗಾರರಿಗೆ ಇಂಗ್ಲಿಷ್ ಕಲಿಸುವವರು, ವಯಸ್ಕರಿಗೆ ಓದು ಬರಹ ಕಲಿಸುವವರು, ಕಟ್ಟಡಗಳ ಸ್ವಚ್ಛತೆ, ಕಾವಲು ನೋಡಿಕೊಳ್ಳುವ ಫೆಸಿಲಿಟಿ ಕಂಪನಿಗಳಲ್ಲಿ ತರಬೇತಿ ನಡೆಸುವವರು ಇದನ್ನು ಓದಿರುವುದು ಕಡಿಮೆ. ಅವರೇ ಓದಬೇಕಾದ ಪ್ರಕರಣ ಇದು. ಅದಕ್ಕೇ ಇಲ್ಲಿ ಪೂರ್ತಿಯಾಗಿ ಬಿಡಿಸಿ ಇಡುತ್ತಿದ್ದೇನೆ.

ಸೌತಾಲ್

ಹೀತ್ರೂ ಪಕ್ಕದಲ್ಲೇ ಸೌತಾಲ್ ಇದೆ. ಪಶ್ಚಿಮ ಲಂಡನ್ನಿನ ಈಲಿಂಗ್ ಪ್ರದೇಶಕ್ಕೆ ಸೇರಿದ ಊರು. 1950ರ ದಶಕದಲ್ಲಿ ಅಲ್ಲಿನ ರಬ್ಬರ್ ಕಾರ್ಖಾನೆಯೊಂದು ಪಂಜಾಬಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿತು. ಒಬ್ಬರ ಹಿಂದೆ ಒಬ್ಬರು ಬಂದರು, ಹೆಂಡತಿ ಮಕ್ಕಳು ಬಂದರು, ಅಂಗಡಿ, ಗುರುದ್ವಾರ ಎಲ್ಲ ಬಂತು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನದ ಗಡುವು ಕೊಟ್ಟು ಹೊರಹಾಕಿದಾಗ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದಿಳಿದರು. ವಿಮಾನ ನಿಲ್ದಾಣ ಬೆಳೆದಂತೆ ಅಡುಗೆಮನೆ, ಸ್ವಚ್ಛತೆ, ಸಾಮಾನು ಸಾಗಣೆಗೆ ಜನ ಬೇಕಾದರು. ಹತ್ತಿರದಲ್ಲೇ ಸಿಗುತ್ತಿದ್ದರು.

ಇವರಿಗೆ ಇಂಗ್ಲಿಷ್ ಕಲಿಸಬೇಕು ಅನ್ನುವ ಮಾತು ಬಂದಾಗ ಮೊದಲು ಹೊಳೆದದ್ದು ಸಂಜೆ ಕ್ಲಾಸು. ಆದರೆ ಪಾಳಿಯಲ್ಲಿ ದುಡಿದು, ಮನೆಗೆ ಹೋಗಿ ಅಡುಗೆ ಮಾಡುವ ಹೆಂಗಸು ಸಂಜೆ ಏಳಕ್ಕೆ ಕ್ಲಾಸಿಗೆ ಎಲ್ಲಿಂದ ಬರುತ್ತಾಳೆ? ಹಾಗಾಗಿ ಕೆಲಸದ ಜಾಗದಲ್ಲೇ, ಕೆಲಸದ ವೇಳೆಯಲ್ಲೇ ಕಲಿಸುವ ದಾರಿ ಹುಡುಕಿದರು. ಇದಕ್ಕೆ ‘ಇಂಡಸ್ಟ್ರಿಯಲ್ ಲ್ಯಾಂಗ್ವೇಜ್ ಟ್ರೈನಿಂಗ್’ ಅಂತ ಹೆಸರು. 1974ರಿಂದ ಸರ್ಕಾರದ ದುಡ್ಡಿನಲ್ಲಿ ಬ್ರಿಟನ್ನಿನ ಹಲವು ಊರುಗಳಲ್ಲಿ ಇದು ನಡೆಯಿತು. ರಾಷ್ಟ್ರೀಯ ಕೇಂದ್ರ ಸೌತಾಲಿನಲ್ಲೇ ಇತ್ತು. ಟಾಮ್ ಜಪ್, ಸೀಲಿಯಾ ರಾಬರ್ಟ್ಸ್ ಅಲ್ಲಿದ್ದವರು. ಗಂಪರ್ಜ್ ಇವರ ಜೊತೆ ಸೇರಿ ಕೆಲಸ ಮಾಡಿದರು. 1989ರಲ್ಲಿ ಸರ್ಕಾರ ಹಣ ನಿಲ್ಲಿಸಿತು, ಯೋಜನೆಯೂ ನಿಂತಿತು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ವಯಸ್ಕರ ಸಾಕ್ಷರತೆಯ ಆಂದೋಲನವೂ ಜೋರಾಗಿತ್ತು. 1975ರಲ್ಲಿ ಬಿಬಿಸಿ, ಓದಲು ಬಾರದ ದೊಡ್ಡವರಿಗಾಗಿಯೇ ಟಿವಿ ಕಾರ್ಯಕ್ರಮ ಶುರುಮಾಡಿತ್ತು. ಅದು ಅಕ್ಷರದ ಕೆಲಸ. ಸೌತಾಲಿನವರು ಹಿಡಿದದ್ದು ಮಾತಿನ ಕೆಲಸ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು ಅಂತ ನನಗೆ ಅನಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಗಂಪರ್ಜ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅವರಿಗೆ ನಮ್ಮ ಕಡೆಯ ಪರಿಚಯ ಚೆನ್ನಾಗಿತ್ತು. 1950ರ ದಶಕದಲ್ಲಿ ಉತ್ತರ ಪ್ರದೇಶದ ಒಂದು ಹಳ್ಳಿಯಲ್ಲಿ ಇದ್ದು ಜಾತಿಗೂ ಮಾತಿಗೂ ಇರುವ ನಂಟನ್ನು ಅಧ್ಯಯನ ಮಾಡಿದ್ದರು. ಆಮೇಲೆ ರಾಬರ್ಟ್ ವಿಲ್ಸನ್ ಜೊತೆ ಸೇರಿ 1971ರಲ್ಲಿ ಬರೆದ ಲೇಖನ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಬಗ್ಗೆ. ನಮ್ಮ ಗಡಿಗೆ ಅಂಟಿಕೊಂಡ ಸೀಮೆ. ಅಲ್ಲಿ ಜೈನರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ಜೊತೆಗೆ ಮರಾಠಿ. ನೂರಾರು ವರ್ಷ ಒಟ್ಟಿಗೆ ಬಾಳಿ ಈ ಭಾಷೆಗಳ ವಾಕ್ಯದ ಕಟ್ಟು ಒಂದೇ ಥರ ಆಗಿಬಿಟ್ಟಿದೆ, ಪದಗಳು ಮಾತ್ರ ಬೇರೆ ಬೇರೆ ಉಳಿದಿವೆ ಅಂತ ಅವರು ತೋರಿಸಿದರು. ಇಂಥ ಕಿವಿ ಇದ್ದವರು ಕ್ಯಾಂಟೀನಿನ ಸಾಲನ್ನು ಗಮನಿಸಿದ್ದಕ್ಕೇ ಬೇರೆಯವರಿಗೆ ಕೇಳದ್ದು ಅವರಿಗೆ ಕೇಳಿಸಿತು.

ಕೌಂಟರಿನಲ್ಲಿ ಆಗುತ್ತಿದ್ದದ್ದು

ಕೌಂಟರಿನಲ್ಲಿ ನಡೆಯುವ ಮಾತು ತುಂಬಾ ಕಡಿಮೆ. ಒಬ್ಬ ಬರುತ್ತಾನೆ, ಮಾಂಸದ ಊಟ ಬೇಕು ಅನ್ನುತ್ತಾನೆ, ಬಡಿಸುವಾಕೆ ಹಾಕುತ್ತಾಳೆ. ಅದರ ಮೇಲೆ ಗ್ರೇವಿ ಬೇಕೋ ಬೇಡವೋ ಅಂತ ಕೇಳಬೇಕು. ಅಲ್ಲಿನ ಬ್ರಿಟಿಷ್ ಹೆಂಗಸರು ಇದನ್ನು ಪೂರ್ತಿ ವಾಕ್ಯದಲ್ಲಿ ಕೇಳುವುದಿಲ್ಲ. “ಗ್ರೇವಿ?” ಅನ್ನುತ್ತಾರೆ, ದನಿ ಕೊನೆಗೆ ಮೇಲಕ್ಕೆ ಹೋಗುತ್ತದೆ. ಅಷ್ಟೇ. “ಬೇಕಾ, ಹಾಕ್ಲಾ?” ಅನ್ನುವುದೆಲ್ಲ ಆ ಏರಿದ ದನಿಯಲ್ಲೇ ಇದೆ.

ನಮ್ಮ ಹೆಂಗಸರೂ ಅದೇ ಪದ ಹೇಳುತ್ತಿದ್ದರು. “ಗ್ರೇವಿ.” ಉಚ್ಚಾರ ತಪ್ಪಿಲ್ಲ, ಪದ ತಪ್ಪಿಲ್ಲ. ದನಿ ಮಾತ್ರ ಕೊನೆಗೆ ಕೆಳಗಿಳಿಯುತ್ತಿತ್ತು.

ಇಂಗ್ಲಿಷಿನವರ ಕಿವಿಗೆ ಇದು ಪ್ರಶ್ನೆಯಾಗಿ ಕೇಳುವುದಿಲ್ಲ. “ಇದು ಗ್ರೇವಿ” ಅಂತ ಹೇಳಿಕೆಯಾಗಿ ಕೇಳುತ್ತದೆ. ಎದುರಿಗೇ ಗ್ರೇವಿ ಕಾಣುತ್ತಿದೆ, ಇದು ಗ್ರೇವಿ ಅಂತ ನನಗೆ ಯಾಕೆ ಹೇಳುತ್ತಾಳೆ? ಬೇಕಾದರೆ ತಗೋ ಇಲ್ಲದಿದ್ದರೆ ಬಿಡು ಅನ್ನುವ ಹಾಗಿದೆಯಲ್ಲ? ಇದು ಕ್ಷಣಾರ್ಧದಲ್ಲಿ ಆಗುವ ಲೆಕ್ಕ. ಹೀಗೆ ಲೆಕ್ಕ ಹಾಕಿದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಮನಸ್ಸಿನಲ್ಲಿ ಉಳಿಯುವುದು ಇಷ್ಟೇ: ಈ ಹೆಂಗಸು ಒರಟು. ದಿನಾ ಊಟಕ್ಕೆ ಬರುತ್ತಾನೆ, ದಿನಾ ಅದೇ ಪದ, ಅದೇ ದನಿ. ಹೀಗೆ ದಿನವೂ ಕೇಳಿದ ಮೇಲೆ ‘ಈ ಹೆಂಗಸು’ ಹೋಗಿ ‘ಈ ಜನ’ ಆಗುತ್ತದೆ.

ಅವನ ಮುಖ ಗಂಟಾಗುವುದು ಹೆಂಗಸಿಗೆ ಕಾಣುತ್ತದೆ. ತಾನು ಮರ್ಯಾದೆಯಿಂದಲೇ ಕೇಳಿದ್ದೇನೆ. ಆದರೂ ಇವನು ಮುಖ ಸಿಂಡರಿಸುತ್ತಾನೆ. ಆಮೇಲೆ ಅವಳೂ ನಗುವುದು ಬಿಡುತ್ತಾಳೆ, ಆಗ ಅವನ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ.

ಟೇಪು ಹಾಕಿ ಕೂತಾಗ

ಇಂಥ ದೂರು ಬಂದಾಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ಹೆಂಗಸರನ್ನು ಕೂರಿಸಿ ‘ಗ್ರಾಹಕರ ಜೊತೆ ನಗುನಗುತ್ತಾ ಮಾತಾಡಿ’ ಅಂತ ಒಂದು ತರಬೇತಿ ಕೊಡುತ್ತಾರೆ. ಇಲ್ಲಾ ‘ವುಡ್ ಯೂ ಲೈಕ್ ಸಮ್ ಗ್ರೇವಿ, ಸರ್’ ಅಂತ ಬಾಯಿಪಾಠ ಮಾಡಿಸುತ್ತಾರೆ. ಸೌತಾಲಿನ ತಂಡ ಇದೆರಡನ್ನೂ ಮಾಡಲಿಲ್ಲ.

ಅವರು ಕೌಂಟರಿನ ಮಾತುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದರು. ಬ್ರಿಟಿಷ್ ಹೆಂಗಸರ ‘ಗ್ರೇವಿ?’ಯೂ ಬಂತು, ನಮ್ಮವರ ‘ಗ್ರೇವಿ’ಯೂ ಬಂತು. ಆಮೇಲೆ ಕೆಲಸಗಾರರನ್ನು ಕೂರಿಸಿ ಟೇಪು ಹಾಕಿ ಒಂದೇ ಪ್ರಶ್ನೆ ಕೇಳಿದರು: ಇಲ್ಲಿ ಇವರು ಏನು ಹೇಳಿದರು, ನಿಮ್ಮ ಮಾತಿನಲ್ಲಿ ಹೇಳಿ.

ಮೊದಲು ನಮ್ಮ ಹೆಂಗಸರಿಗೆ ಎರಡರಲ್ಲೂ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಒಂದೇ ಅಲ್ವಾ, ಗ್ರೇವಿ ಬೇಕಾ ಅಂತ ಕೇಳಿದ್ದು. ಅದೇ ಟೇಪನ್ನು ಕೇಳಿದ ಇಂಗ್ಲಿಷ್ ಟೀಚರೂ ಸೂಪರ್‌ವೈಸರೂ ವ್ಯತ್ಯಾಸ ತೋರಿಸಿದರು. ದನಿ ಇಳಿದಾಗ ಕೇಳುವವನಿಗೆ ಅದು ಪ್ರಶ್ನೆ ಅನಿಸುವುದಿಲ್ಲ, ‘ಇದು ಗ್ರೇವಿ’ ಅಂದಂತೆ ಕೇಳುತ್ತದೆ, ಅದಕ್ಕೇ ಒರಟು ಅನಿಸುತ್ತದೆ ಅಂತ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಗಳಿಗೆ ಇದು. ಇದನ್ನು ಕೇಳಿದ ಮೇಲೆ, ಇಷ್ಟು ದಿನ ಜನ ಯಾಕೆ ಹಾಗೆ ನಡೆದುಕೊಳ್ಳುತ್ತಿದ್ದರು ಅನ್ನುವುದು ಆ ಹೆಂಗಸರಿಗೆ ಹೊಳೆಯಿತು. ಹೊಳೆದು ಅಲ್ಲಿಗೇ ನಿಲ್ಲಲಿಲ್ಲ. ಯಾರೂ ಕೇಳದೆಯೇ, ಬ್ರಿಟಿಷರ ಮಾತಿನಲ್ಲಿ ತಮಗೆ ವಿಚಿತ್ರ ಅನಿಸಿದ್ದ ದನಿಗಳನ್ನು ತಾವೇ ನೆನಪು ಮಾಡಿಕೊಂಡು ಹೇಳತೊಡಗಿದರು. ಅಂದರೆ ಆ ಹೊತ್ತಿಗೆ ಪಾಠ ಟೀಚರ ಕೈಯಿಂದ ಹೆಂಗಸರ ಕೈಗೆ ಬಂದಿತ್ತು. ಕಲಿಯಬೇಕಾದವರು ತಾವೇ ಗಮನಿಸುವವರಾದರು.

ಅತ್ತ ಸೂಪರ್‌ವೈಸರಿಗೂ ಒಂದು ಪಾಠವಾಯಿತು. ಈ ಹೆಂಗಸರು ಇಂಥ ಕಡೆ ಪ್ರಶ್ನೆ ಕೇಳುವ ಮಾಮೂಲಿ ರೀತಿಯೇ ಅದು, ಅದರಲ್ಲಿ ಒರಟುತನವೂ ಇಲ್ಲ, ಅಸಡ್ಡೆಯೂ ಇಲ್ಲ ಅಂತ ಗೊತ್ತಾಯಿತು.

ಇಂಥ ಹಲವು ಬೈಠಕ್ ಆದ ಮೇಲೆ ಟೀಚರುಗಳೂ ಸೂಪರ್‌ವೈಸರೂ ಒಂದೇ ಮಾತು ಹೇಳಿದರು: ಕೆಲಸದ ಕಡೆಗೂ ಗಿರಾಕಿಗಳ ಕಡೆಗೂ ಹೆಂಗಸರ ಧೋರಣೆ ಸ್ಪಷ್ಟವಾಗಿ ಬದಲಾಗಿದೆ. ಗಂಪರ್ಜ್ ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುತ್ತಾರೆ. ನಾವು ಅವರಿಗೆ ‘ಸರಿಯಾದ ಇಂಗ್ಲಿಷ್’ ಕಲಿಸಲಿಲ್ಲ. ಮಾತು ಎಲ್ಲಿ ಎಡವುತ್ತಿದೆ ಅಂತ ತಾವೇ ಪತ್ತೆ ಹಚ್ಚುವ ಒಂದು ದಾರಿಯನ್ನು ಕೊಟ್ಟೆವು. ತಾವು ಕಲಿಯಬಲ್ಲೆವು ಅನ್ನುವ ಧೈರ್ಯ ಅವರಿಗೆ ವಾಪಸ್ ಬಂತು ಅಂತ.

ಪಂಕ್ತಿಯಲ್ಲಿ ಬಡಿಸುವವರ ದನಿ

ನಮ್ಮ ಓದುಗರಿಗೆ ಆ ಹೆಂಗಸರ ‘ಗ್ರೇವಿ’ ಹೇಗೆ ಕೇಳಿರಬಹುದು ಅಂತ ತಿಳಿಯಲು ಕಷ್ಟವಿಲ್ಲ. ಮದುವೆ ಊಟಕ್ಕೆ ಕೂತದ್ದನ್ನು ನೆನಪು ಮಾಡಿಕೊಳ್ಳಿ. ಬಾಳೆಲೆ ಸಾಲು. ಬಕೆಟ್ ಹಿಡಿದ ಹುಡುಗ ಬಗ್ಗಿ ಬಗ್ಗಿ ಬರುತ್ತಾನೆ. “ಸಾರು, ಸಾರು, ಸಾರು...” ಅವನ ಹಿಂದೆ ಇನ್ನೊಬ್ಬ, “ಪಲ್ಯ... ಪಲ್ಯ...” ದನಿ ಮೇಲಕ್ಕೆ ಹೋಗುವುದಿಲ್ಲ. ಒಂದೇ ಮಟ್ಟದಲ್ಲಿ ಇರುತ್ತದೆ, ಇಲ್ಲವೇ ಕೆಳಗಿಳಿಯುತ್ತದೆ. ಅದು ಪ್ರಶ್ನೆಯೇ. ಬೇಕಿದ್ದವರು ಅನ್ನದಲ್ಲಿ ಗುಳಿ ಮಾಡುತ್ತಾರೆ, ಬೇಡದವರು ಎಲೆ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. “ಇದು ಸಾರು ಅಂತ ನನಗೆ ಯಾಕೆ ಹೇಳುತ್ತಾನೆ, ಎಂಥ ಒರಟ!” ಅಂತ ಯಾರಾದರೂ ಎದ್ದು ಹೋಗಿದ್ದಾರಾ?

ಕನ್ನಡದಲ್ಲಿ ಪ್ರಶ್ನೆಯ ಗುರುತು ಪದದ ಕೊನೆಯಲ್ಲೇ ಇದೆ. ಬೇಕು, ಬೇಕಾ. ಹಾಕಲಿ, ಹಾಕ್ಲಾ. ಊಟ ಆಯ್ತು, ಊಟ ಆಯ್ತಾ. ದನಿಯೂ ಸ್ವಲ್ಪ ಏರಬಹುದು, ಆದರೆ ಪ್ರಶ್ನೆ ಅಂತ ತಿಳಿಸುವುದು ಕೊನೆಯ ಆ ‘ಆ’. ಮರ್ಯಾದೆಯೂ ಹಾಗೇ ಪದದಲ್ಲೇ ಕೂತಿದೆ. ತೋರಿಸಿ, ಬನ್ನಿ, ಕೂತ್ಕೊಳ್ಳಿ, ಜೊತೆಗೆ ಅಣ್ಣ, ಅಕ್ಕ, ಸಾರ್. ಗೇಟಿನಲ್ಲಿ ನಿಂತ ಸೆಕ್ಯೂರಿಟಿಯವರು ಕನ್ನಡದಲ್ಲಿ “ಐಡಿ ತೋರಿಸಿ ಸಾರ್” ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಅದನ್ನೇ ಅವರು ಇಂಗ್ಲಿಷಿಗೆ ತಂದಾಗ “ಶೋ ಐಡಿ” ಆಗುತ್ತದೆ. ‘ತೋರಿಸಿ’ಯ ಕೊನೆಯಲ್ಲಿದ್ದ ಮರ್ಯಾದೆ ದಾರಿಯಲ್ಲಿ ಬಿದ್ದುಹೋಯಿತು. ಇಂಗ್ಲಿಷ್ ಅದನ್ನು ದನಿಯಲ್ಲೋ ‘ಪ್ಲೀಸ್’ನಲ್ಲೋ ‘ಕುಡ್ ಐ’ನಲ್ಲೋ ಇಡುತ್ತದೆ ಅನ್ನುವುದು ಅವರಿಗೆ ಯಾರೂ ಹೇಳಿಲ್ಲ.

ಇದು ಇಂಗ್ಲಿಷಿಗೆ ಮಾತ್ರ ಸೇರಿದ ವಿಷಯವೂ ಅಲ್ಲ. ಬೆಳಗಾವಿ, ವಿಜಯಪುರದ ಕಡೆಯವರು ಬೆಂಗಳೂರಿಗೆ ಬಂದು ಪ್ರೀತಿಯಿಂದಲೇ ಮಾತಾಡಿದರೂ ಈ ಕಡೆಯವರಿಗೆ ಬೈದಂತೆ ಕೇಳುವುದುಂಟು. ಭಾಷೆ ಕನ್ನಡವೇ. ದನಿಯ ಏರಿಳಿತ ಬೇರೆ.

ವ್ಯಾಕರಣ ತಪ್ಪಿದರೆ ಕ್ಷಮೆ ಉಂಟು

ಗಂಪರ್ಜ್ ಇಂಥ ದನಿ, ತಡೆ, ಒತ್ತುಗಳನ್ನು ಮಾತಿನ ಜೊತೆ ಬರುವ ಸುಳಿವುಗಳು ಅಂತ ನೋಡಿದರು. ಎದುರಿನವನು ಹೇಳಿದ್ದು ಪ್ರಶ್ನೆಯೋ, ಬೇಡಿಕೆಯೋ, ಗದರಿಕೆಯೋ, ತಮಾಷೆಯೋ ಅಂತ ನಾವು ತೀರ್ಮಾನಿಸುವುದು ಈ ಸುಳಿವುಗಳಿಂದ. ಇವನ್ನು ಯಾರೂ ಶಾಲೆಯಲ್ಲಿ ಕಲಿತಿಲ್ಲ. ಹುಟ್ಟಿ ಬೆಳೆದ ಮನೆ, ಓಣಿಯಲ್ಲಿ ಕಿವಿಗೆ ಬಿದ್ದು ಬಂದದ್ದು.

ಇದರಲ್ಲೇ ತೊಂದರೆಯ ಬೇರು ಇದೆ. ನೀವು ಇಂಗ್ಲಿಷಿನಲ್ಲಿ ‘ಹಿ ಗೋ ಯೆಸ್ಟರ್ಡೇ’ ಅಂದರೆ ಕೇಳುವವನು ‘ಪಾಪ, ಭಾಷೆ ಸರಿಯಾಗಿ ಬರುವುದಿಲ್ಲ’ ಅಂದುಕೊಳ್ಳುತ್ತಾನೆ. ತಪ್ಪನ್ನು ಭಾಷೆಯ ಲೆಕ್ಕಕ್ಕೆ ಬರೆಯುತ್ತಾನೆ. ದನಿ ತಪ್ಪಿದರೆ ಅದು ಭಾಷೆಯ ತಪ್ಪು ಅಂತ ಅವನಿಗೆ ಹೊಳೆಯುವುದೇ ಇಲ್ಲ. ‘ಇವನು ಸೊಕ್ಕಿನವನು’, ‘ಇವಳಿಗೆ ಆಸಕ್ತಿ ಇಲ್ಲ’ ಅಂತ ಗುಣದ ಲೆಕ್ಕಕ್ಕೆ ಬರೆಯುತ್ತಾನೆ. ವಿಚಿತ್ರ ಅಂದರೆ ಇಂಗ್ಲಿಷ್ ಚೆನ್ನಾಗಿ ಬರುವವರಿಗೇ ಇದರ ಪೆಟ್ಟು ಜಾಸ್ತಿ. ಪದ, ವ್ಯಾಕರಣ ಎಲ್ಲ ಸರಿ ಇರುವಾಗ, ಉಳಿದದ್ದನ್ನೂ ಬೇಕಂತಲೇ ಹಾಗೆ ಹೇಳಿದ್ದಾನೆ ಅಂತಲೇ ಎದುರಿನವರು ತಿಳಿಯುತ್ತಾರೆ.

ಅದೇ ಪುಸ್ತಕದಲ್ಲಿ ಲಂಡನ್ ಬಸ್ಸಿನ ಇನ್ನೊಂದು ಘಟನೆ ಇದೆ. ವೆಸ್ಟ್ ಇಂಡೀಸ್ ಮೂಲದ ಡ್ರೈವರ್. ಹತ್ತುವಾಗಲೇ ದುಡ್ಡು ಕೊಡಬೇಕು. “ಸರಿಯಾದ ಚಿಲ್ಲರೆ ಕೊಡಿ, ಪ್ಲೀಸ್” ಅಂತ ಇಂಗ್ಲಿಷಿನಲ್ಲಿ ಹೇಳುತ್ತಿರುತ್ತಾನೆ. ಯಾರೋ ದೊಡ್ಡ ನೋಟು ಕೊಟ್ಟಾಗ ಇನ್ನೊಮ್ಮೆ ಹೇಳುತ್ತಾನೆ. ಈ ಸಲ ‘ಪ್ಲೀಸ್’ಗೆ ಮೊದಲು ಸ್ವಲ್ಪ ತಡೆದು, ಅದನ್ನೇ ಜೋರಾಗಿ, ಎತ್ತರದ ದನಿಯಲ್ಲಿ ಶುರುಮಾಡಿ ಕೆಳಗಿಳಿಸಿ ಹೇಳುತ್ತಾನೆ. ಪ್ರಯಾಣಿಕರು ಸಿಟ್ಟಾಗಿ, ಈ ಜನ ಯಾಕೆ ಇಷ್ಟು ಒರಟಾಗಿ ಹೆದರಿಸುವ ಥರ ಮಾತಾಡುತ್ತಾರೆ ಅಂತ ಗೊಣಗುತ್ತಾ ಒಳಗೆ ಹೋಗುತ್ತಾರೆ. ಮರ್ಯಾದೆಗೆಂದೇ ಇರುವ ಪದವೇ ಅವರಿಗೆ ಗದರಿಕೆಯಾಗಿ ಕೇಳಿತ್ತು. ಇಂಗ್ಲಿಷ್ ಅವನ ಸ್ವಂತ ಭಾಷೆಯೇ. ಹಾಗಾಗಿ ಇಂಗ್ಲಿಷ್ ಕಲಿಸಿದರೆ ಸರಿಹೋಗುತ್ತದೆ ಅನ್ನುವ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಸೌತಾಲಿನ ಕೇಂದ್ರದವರು ಈ ವಿಷಯವನ್ನು ಬಿಬಿಸಿಗೂ ತಲುಪಿಸಿದರು. 1979ರಲ್ಲಿ ‘ಕ್ರಾಸ್‌ಟಾಕ್’ ಅನ್ನುವ ಕಾರ್ಯಕ್ರಮ ಬಂತು. ಕೆಲಸದ ಸಂದರ್ಶನ, ಬ್ಯಾಂಕಿನ ಕೌಂಟರ್‌ನಂಥ ಸನ್ನಿವೇಶಗಳನ್ನು ತೋರಿಸಿ, ಎರಡೂ ಕಡೆಯವರು ಹೇಗೆ ಅಪಾರ್ಥ ಮಾಡಿಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಿತು.

ದನಿಯೊಂದೇ ಕಾರಣವಾ?

ಈ ಪ್ರಕರಣವನ್ನು ಹೊಗಳುವಾಗ ಅದರ ಮೇಲೆ ಬಂದ ಟೀಕೆಯನ್ನು ಮುಚ್ಚಿಡಬಾರದು. 1988ರಲ್ಲಿ ರಾಜೇಂದ್ರ ಸಿಂಗ್, ಜಯಂತ್ ಲೇಲೆ, ಗೀತಾ ಮಾರ್ತೊಹಾರ್ಜೊನೊ ಎಂಬ ಮೂವರು ವಿದ್ವಾಂಸರು ಇಂಥ ವಿಶ್ಲೇಷಣೆಯನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಅಪಾರ್ಥಕ್ಕೆ ಭಾಷೆಯ ವ್ಯತ್ಯಾಸವನ್ನಷ್ಟೇ ಕಾರಣ ಮಾಡಿದರೆ ಅಧಿಕಾರ ಯಾರ ಕೈಲಿದೆ ಅನ್ನುವ ಪ್ರಶ್ನೆ ಮರೆಯಾಗುತ್ತದೆ ಅನ್ನುವುದು ಅವರ ವಾದದ ತಿರುಳು. ಯಾಕೆ ಯಾವಾಗಲೂ ಬಂದವರೇ ಬದಲಾಗಬೇಕು?

ಈ ಟೀಕೆಗೆ ತೂಕವಿದೆ. ‘ಕ್ರಾಸ್‌ಟಾಕ್’ ಬಂದ ಅದೇ 1979ರ ಏಪ್ರಿಲ್ 23ರಂದು ಸೌತಾಲಿನಲ್ಲಿ, ವಲಸಿಗರನ್ನು ವಿರೋಧಿಸುತ್ತಿದ್ದ ನ್ಯಾಷನಲ್ ಫ್ರಂಟ್ ಎಂಬ ಪಕ್ಷದ ಸಭೆಯ ವಿರುದ್ಧ ಜನ ಬೀದಿಗಿಳಿದರು. ಅಲ್ಲಿ ಪೆಟ್ಟು ತಿಂದ ಬ್ಲೇರ್ ಪೀಚ್ ಎಂಬ ಶಿಕ್ಷಕರು ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1976ರಲ್ಲಿ, ಗುರುದೀಪ್ ಸಿಂಗ್ ಚಗ್ಗರ್ ಎಂಬ ಯುವಕನ ಕೊಲೆ ಅದೇ ಊರಿನಲ್ಲಿ ಆಗಿತ್ತು. ಅಂಥ ಊರಿನ ಪಕ್ಕದಲ್ಲಿ ದುಡಿಯುವ ಹೆಂಗಸು ‘ನನ್ನನ್ನು ಬೇರೆ ಥರ ನೋಡುತ್ತಾರೆ’ ಅಂದರೆ ಅದು ಬರೀ ಕಿವಿಯ ತಪ್ಪು ಅಂತ ಹೇಳಲು ನನಗಂತೂ ಮನಸ್ಸು ಬರುವುದಿಲ್ಲ.

ಆದರೆ ಕ್ಯಾಂಟೀನಿನ ಪ್ರಕರಣವನ್ನು ಸರಿಯಾಗಿ ಓದಿದರೆ ಅಲ್ಲಿ ಹೆಂಗಸರನ್ನು ಮಾತ್ರ ತಿದ್ದಲಿಲ್ಲ ಅನ್ನುವುದು ಕಾಣುತ್ತದೆ. ಸೂಪರ್‌ವೈಸರ್ ಅದೇ ಕೋಣೆಯಲ್ಲಿ ಕೂತಿದ್ದರು. ಅದೇ ಟೇಪು ಕೇಳಿದರು. ತಮ್ಮ ಕಿವಿ ಹೇಗೆ ತೀರ್ಪು ಕೊಡುತ್ತಿತ್ತು ಅಂತ ಅವರಿಗೂ ಗೊತ್ತಾಯಿತು. ಸೌತಾಲಿನ ಯೋಜನೆಯಲ್ಲಿ ಮ್ಯಾನೇಜರುಗಳಿಗೂ ಕಾರ್ಮಿಕ ಸಂಘದ ಪ್ರತಿನಿಧಿಗಳಿಗೂ ತರಬೇತಿ ಇರುತ್ತಿತ್ತು. ಈ ಭಾಗವನ್ನು ತೆಗೆದುಹಾಕಿ, ‘ಗ್ರೇವಿ ಅನ್ನುವಾಗ ದನಿ ಏರಿಸಿ’ ಅನ್ನುವುದನ್ನು ಮಾತ್ರ ಉಳಿಸಿಕೊಂಡರೆ ಟೀಕಾಕಾರರು ಹೇಳಿದ್ದು ನೂರಕ್ಕೆ ನೂರು ನಿಜವಾಗುತ್ತದೆ. ಈ ಪ್ರಕರಣವನ್ನು ಹೇಳುವ ಹಲವರು ಹಾಗೇ ಹೇಳುತ್ತಾರೆ, ಅದೇ ಬೇಸರ.

ಬೆಂಗಳೂರಿನಲ್ಲಿ ಇದನ್ನು ಮಾಡುವುದಾದರೆ

ನಮ್ಮಲ್ಲಿ ಕೆಲಸದ ಜಾಗದ ಇಂಗ್ಲಿಷ್ ಅಂದ ಕೂಡಲೇ ಮಾತು ಹೋಗುವುದು ಯಾವ ಪುಸ್ತಕ, ಯಾವ ಆ್ಯಪ್ ಅನ್ನುವ ಕಡೆಗೆ. ಟೆಕ್ ಪಾರ್ಕುಗಳ ಕೆಫೆಟೇರಿಯಾ, ಹೌಸ್‌ಕೀಪಿಂಗ್, ಸೆಕ್ಯೂರಿಟಿಗೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರಿದ್ದಾರೆ, ಒಡಿಶಾ, ಅಸ್ಸಾಂ, ಬಂಗಾಳದಿಂದ ಬಂದವರಿದ್ದಾರೆ. ಅವರಿಗೆ ಕೊಡುವ ಪುಸ್ತಿಕೆಯಲ್ಲಿ ‘ಗುಡ್ ಮಾರ್ನಿಂಗ್ ಸರ್, ಮೇ ಐ ಹೆಲ್ಪ್ ಯೂ’ ಅಂತ ವಾಕ್ಯಗಳ ಪಟ್ಟಿ. ಪಕ್ಕದಲ್ಲಿ ಕನ್ನಡವೋ ಹಿಂದಿಯೋ. ಆ ವಾಕ್ಯಗಳನ್ನು ಬರೆದವರು ಆ ಕೆಫೆಟೇರಿಯಾದಲ್ಲಿ ಅರ್ಧ ಗಂಟೆಯಾದರೂ ನಿಂತು ಕೇಳಿದ್ದಾರಾ? ಪುಸ್ತಿಕೆ ನೋಡಿದರೆ ಇಲ್ಲ ಅಂತಲೇ ಅನಿಸುತ್ತದೆ. ಮಧ್ಯಾಹ್ನ ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಯಾರೂ ಪೂರ್ತಿ ವಾಕ್ಯ ಆಡುವುದಿಲ್ಲ. “ಪಾರ್ಸೆಲ್?” “ಸ್ಪೈಸಿ?” “ಎಕ್ಸ್‌ಟ್ರಾ?” ಅಷ್ಟೇ. ಅಂದರೆ ಸೌತಾಲಿನ ಹೆಂಗಸರು ಎಡವಿದ್ದ ಅದೇ ಒಂದು ಪದದ ಪ್ರಶ್ನೆ.

ಇಲ್ಲಿಗೆ ಸಾಕ್ಷರತೆಯ ವಿಷಯ ಬರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ 75.36 ಶೇಕಡ, ಹೆಂಗಸರದ್ದು 68.08. ಈಗ 2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ. 15 ವರ್ಷ ದಾಟಿದವರಿಗೆ ಅಕ್ಷರ, ಲೆಕ್ಕದ ಜೊತೆಗೆ ಬದುಕಿನ ಕೌಶಲ, ಕಸುಬಿನ ಕೌಶಲವೂ ಅದರಲ್ಲಿ ಸೇರಿದೆ. ಅಕ್ಷರ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸಂಬಳದ ಚೀಟಿ, ಇಎಸ್‌ಐ ಕಾಗದ, ಬಾಟಲಿ ಮೇಲಿನ ಎಚ್ಚರಿಕೆ ಓದಲು ಅದು ಬೇಕು. ಆದರೆ ಓದು ಬಂದ ಮೇಲೆಯೇ ಇಂಗ್ಲಿಷ್ ಮಾತು ಅಂತ ಸಾಲು ನಿಲ್ಲಿಸಿದರೆ, ಓದು ಬಾರದ ಹೆಂಗಸಿಗೆ ಅವಳ ಕೆಲಸಕ್ಕೆ ಇವತ್ತೇ ಬೇಕಾದದ್ದು ಸಿಗುವುದಿಲ್ಲ. ಕ್ಯಾಂಟೀನಿನ ಪ್ರಕರಣದಲ್ಲಿ ಬಳಸಿದ ಪಠ್ಯ ಏನು? ಟೇಪು. ಅದನ್ನು ಕೇಳಿ ‘ಇವರು ಏನು ಹೇಳಿದರು’ ಅಂತ ಹೇಳಲು ಒಂದಕ್ಷರವೂ ಬರಬೇಕಿಲ್ಲ. ಮಾತನ್ನೇ ನೆಚ್ಚಿ ಬದುಕಿದವರ ಕಿವಿಯೂ ನೆನಪೂ ಚುರುಕಾಗಿರುತ್ತದೆ. ಇಂಥ ಕ್ಲಾಸಿನಲ್ಲಿ ಅವರು ಹಿಂದಿನ ಬೆಂಚಿಗೆ ಹೋಗಬೇಕಾಗಿಲ್ಲ.

ಆಗ ಟೇಪ್ ರೆಕಾರ್ಡರ್ ಬೇಕಿತ್ತು, ಈಗ ಎಲ್ಲರ ಕೈಯಲ್ಲೂ ಫೋನು ಇದೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಹೋಮ್ಸ್ ಅವರ ತಂಡ 1996ರಿಂದ ಇದೇ ದಾರಿಯಲ್ಲಿ ಕೆಲಸ ಮಾಡಿದೆ. ಕಚೇರಿ, ಕಾರ್ಖಾನೆಗಳಲ್ಲಿ ಕೆಲಸಗಾರರೇ ತಮ್ಮ ಮಾತನ್ನು ರೆಕಾರ್ಡ್ ಮಾಡಿಕೊಟ್ಟರು. ಆ ನಿಜವಾದ ಮಾತುಗಳೇ ಆಮೇಲೆ ವಲಸೆ ಬಂದವರಿಗೆ ಪಾಠವಾದವು.

ಇಲ್ಲಿ ಶುರುಮಾಡುವವರಿಗೆ ನನ್ನ ಸಲಹೆ ಇದು. ಮೊದಲು ಎಲ್ಲರ ಒಪ್ಪಿಗೆ ತಗೊಳ್ಳಿ. ರೆಕಾರ್ಡ್ ಮಾಡಿದ್ದು ಎಚ್‌ಆರ್‌ಗೆ ಹೋಗುವುದಿಲ್ಲ, ಯಾರ ಮೇಲೂ ಕ್ರಮಕ್ಕೆ ಬಳಸುವುದಿಲ್ಲ ಅನ್ನುವುದನ್ನು ಬಾಯಿಮಾತಲ್ಲಿ ಅಲ್ಲ, ಬರೆದು ಕೊಟ್ಟು, ಅವರ ಭಾಷೆಯಲ್ಲಿ ಓದಿ ಹೇಳಿ. ಇದು ಇಲ್ಲದಿದ್ದರೆ ಯಾರೂ ಎಂದಿನಂತೆ ಮಾತಾಡುವುದಿಲ್ಲ. ಆಮೇಲೆ ಕೌಂಟರಿನಲ್ಲಿ, ಗೇಟಿನಲ್ಲಿ ಚಿಕ್ಕ ಚಿಕ್ಕ ತುಣುಕು ಹಿಡಿಯಿರಿ. ಐದಾರು ಸೆಕೆಂಡಿನದು ಸಾಕು. ಚೆನ್ನಾಗಿ ನಡೆದ ಮಾತೂ ಇರಲಿ, ಮುಖ ಕೆಡಿಸಿಕೊಂಡು ಮುಗಿದ ಮಾತೂ ಇರಲಿ. ಕ್ಲಾಸಿನಲ್ಲಿ ಹಾಕಿ, ಇವರು ಏನು ಹೇಳಿದರು, ಕೇಳಿದವರಿಗೆ ಹೇಗೆ ಅನಿಸಿರಬಹುದು ಅಂತ ಕೇಳಿ. ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಹೇಳಲಿ ಬಿಡಿ. ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಹಠ ಹಿಡಿದರೆ ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಟೀಚರು ತಕ್ಷಣ ಉತ್ತರ ಕೊಡಬೇಡಿ. ‘ನಮಗೂ ಅವರ ಮಾತು ಹೀಗೆ ವಿಚಿತ್ರ ಅನಿಸುತ್ತದೆ’ ಅಂತ ಯಾರಾದರೂ ಬಾಯಿ ಬಿಡುವವರೆಗೆ ಕಾಯಿರಿ. ಕ್ಲಾಸು ನಿಜವಾಗಿ ಶುರುವಾಗುವುದು ಆಗ.

ಟೀಮ್ ಲೀಡರು, ಸೂಪರ್‌ವೈಸರು ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂರಬೇಕು. ನೋಡಿಕೊಂಡು ಹೋಗಲು ಬಂದವರಂತೆ ಬಾಗಿಲಲ್ಲಿ ನಿಂತರೆ ಆಗುವುದಿಲ್ಲ. ಸಾಧ್ಯವಾದರೆ ಅಲ್ಲಿ ಊಟ ಮಾಡುವ ಕಂಪನಿಯ ಉದ್ಯೋಗಿಗಳನ್ನೂ ಕರೆಯಿರಿ. ದಿನಾ ಕಾಫಿ ಕೊಡುವ ಅಕ್ಕ ‘ಶುಗರ್’ ಅಂದಾಗ ಅದು ಪ್ರಶ್ನೆ ಅಂತ ಅವರೂ ಕಲಿಯಬಹುದಲ್ಲ.

ವೇಳೆಯ ವಿಷಯದಲ್ಲಿ ರಾಜಿ ಬೇಡ. ಪಾಳಿ ಮುಗಿದ ಮೇಲೆ, ಊಟದ ಬಿಡುವಿನಲ್ಲಿ, ವಾರದ ರಜೆಯಲ್ಲಿ ಇಟ್ಟ ಕ್ಲಾಸಿಗೆ ಬಸ್ಸು ಹಿಡಿಯಬೇಕಾದವರು, ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರು ಬರುವುದಿಲ್ಲ. ಆಮೇಲೆ ‘ಇವರಿಗೆ ಕಲಿಯುವ ಆಸಕ್ತಿಯೇ ಇಲ್ಲ’ ಅಂತ ವರದಿ ಬರೆಯುತ್ತಾರೆ. ಸೌತಾಲಿನವರು ಕೆಲಸದ ವೇಳೆಯಲ್ಲೇ ಕಲಿಸಿದರು. ಟೆಂಡರಿನಲ್ಲಿ, ಗುತ್ತಿಗೆಯ ಕರಾರಿನಲ್ಲಿ ತರಬೇತಿಯ ಗಂಟೆಗಳಿಗೂ ಸಂಬಳ ಅಂತ ಒಂದು ಸಾಲು ಸೇರಿಸುವುದು ಕಟ್ಟಡದ ಮಾಲೀಕರಿಗೋ ದೊಡ್ಡ ಕಂಪನಿಗೋ ಭಾರವಲ್ಲ. ಹೌಸ್‌ಕೀಪಿಂಗ್ ಏಜೆನ್ಸಿ ತಾನಾಗಿ ಇದನ್ನು ಸೇರಿಸುವುದು ಕಷ್ಟ, ಅವರ ಲಾಭದ ಅಂಚು ಕಡಿಮೆ. ಹಾಗಾಗಿ ಕೇಳಬೇಕಾದದ್ದು ಗುತ್ತಿಗೆ ಕೊಡುವವರನ್ನು, ಅದೂ ಕರಾರಿಗೆ ಸಹಿ ಬೀಳುವ ಮೊದಲು.